ತಕ್ಕಡಿ ಅಮ್ಮನ ಮಗಳು ಬಸುರಿಯಾದದ್ದು

ಹೋಟೆಲಿನ ಹಿಂಭಾಗದ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ತಕ್ಕಡಿ ಅಂತಲೇ. ಹಾಜರಿಗೆ ಬೇರೆ ಹೆಸರಿತ್ತು. ಆದರೆ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವಳೇ ಒಂದು ಸಲ ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾರಪ್ಪಾ ಎಂದು ಹುಡುಕುತ್ತಿದ್ದಳು.

ಈ ಹೆಸರಿಟ್ಟವಳು ಅವಳ ಜೊತೆಗಾತಿ. ಬಿಸಿ ರೋಲರಿನಿಂದ ಹೊರಬರುವ ಹಾಸುಬಟ್ಟೆಯನ್ನು ಆ ತುದಿಗೊಬ್ಬಳು ಈ ತುದಿಗೊಬ್ಬಳು ಹಿಡಿದು, ಜಗ್ಗಿ, ಸುಕ್ಕು ಬಿಡಿಸಿ, ಎದುರುಬದುರು ನಡೆದುಬಂದು ಅಂಚಿಗೆ ಅಂಚು ಸೇರಿಸಬೇಕು. ದಿನವಿಡೀ ಹೀಗೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಹೋಗುವ ಇಬ್ಬರ ನಡುವೆ ಗುಟ್ಟು ಅಂತ ಏನು ಉಳಿದೀತು? ಜೊತೆಗಾತಿಗೆ ರೇಡಿಯೋ ಎಂದು ಹೆಸರು. ಹಚ್ಚುವ ಗುಂಡಿ ಇದ್ದು ಆರಿಸುವ ಗುಂಡಿ ಇಲ್ಲದ ಬಾಯಿ ಅವಳದು. ಒಮ್ಮೆ ರೇಡಿಯೋ ತಾಯಿ ಮಗಳಿಬ್ಬರನ್ನೂ ಮನೆಗೆ ಊಟಕ್ಕೆ ಕರೆದಿದ್ದಳು. ಬಡಿಸಿ ಮುಗಿಸುವಷ್ಟರಲ್ಲಿ ಇವಳು ಚೀಲದಿಂದ ಅಂಗೈಯಗಲದ ತಕ್ಕಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಮಗಳ ತಟ್ಟೆಯ ಆಲೂಗಡ್ಡೆಯನ್ನು ತೂಗಿ, ಒಂದು ಹೋಳು ವಾಪಸ್ಸು ಪಾತ್ರೆಗೆ ಹಾಕಿದಳು. ಮರುದಿನದಿಂದ ಅವಳ ಹೆಸರು ತಕ್ಕಡಿ. ಮಗಳ ಶಾಲೆಯವರೆಗೂ ಆ ಹೆಸರು ಹಬ್ಬಿ, ಅಲ್ಲಿ ತಕ್ಕಡಿ ಅಮ್ಮ ಆಯಿತು.

ತೂಗುವ ಹುಚ್ಚು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಮಗಳ ಹುಟ್ಟಿನಿಂದ ಬಂದದ್ದು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದುಕೊಂಡು ಹೋಗಿದ್ದ ಆಸ್ಪತ್ರೆಯವರು, ಬಾಣಂತಿ ಇನ್ನೂ ನೆಟ್ಟಗೆ ನಡೆಯುವ ಮುಂಚೆಯೇ ವಾಪಸ್ಸು ಕರೆಸಿದರು. ಫಿನೈಲ್‌ಕೀಟೋನೂರಿಯಾ ಅಂದರು. ಬಣ್ಣ ಬಳಿಯುವ ಕೆಲಸದ ಗಂಡ, ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣ ಇಟ್ಟುಕೊಂಡೇ ಬಂದವನು, "ಮಗೂಗಿಂತ ಹೆಸರೇ ಉದ್ದ ಇದೆಯಲ್ಲ ಡಾಕ್ಟ್ರೇ" ಅಂದ. ಡಾಕ್ಟರು ನಗಲಿಲ್ಲ. ಊಟದ ಪ್ರೋಟೀನಿನಲ್ಲಿರುವ ಒಂದು ಅಂಶವನ್ನು ಈ ಮಗುವಿನ ದೇಹ ಅರಗಿಸಲಾರದು, ಅದು ರಕ್ತದಲ್ಲಿ ಏರುತ್ತಾ ಹೋಗಿ ಬೆಳೆಯುವ ಮೆದುಳನ್ನು ಕೆಡಿಸುತ್ತದೆ, ಊಟದಲ್ಲಿ ಕಟ್ಟುನಿಟ್ಟಾಗಿದ್ದರೆ ಮಗು ಎಲ್ಲರಂತೆ ಬೆಳೆಯುತ್ತದೆ ಎಂದು ವಿವರಿಸಿದರು. ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು, ಎರಡೂ ಕೂಡಿದರೆ ಮಾತ್ರ ಬರುವ ಕಾಯಿಲೆ ಇದು ಎಂದೂ ಹೇಳಿದರು. ಮನೆಗೆ ಬಂದ ಮೇಲೆ ಅತ್ತೆ, "ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ" ಎಂದು ಸೊಸೆಯತ್ತ ನೋಡಿದಾಗ ಗಂಡ, "ಅರ್ಧ ನಂದೂ ಇದೆ ಅಮ್ಮ, ಅವಳಿಗೆ ಪೂರ್ತಿ ಕೊಡ್ಬೇಡ" ಎಂದಿದ್ದ. ಅವಳು ಅವನನ್ನು ಅತ್ಯಂತ ಪ್ರೀತಿಸಿದ್ದು ಆ ಗಳಿಗೆಯಲ್ಲಿ. ಮಗಳಿಗೆ ಹನ್ನೆರಡಾದಾಗ ಅವನು ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಆಮೇಲೆ ಎರಡು ಪಾಲಿನ ಕಾವಲೂ ಅವಳೊಬ್ಬಳದೇ ಆಯಿತು.

ಹಾಲು ಇಲ್ಲ, ಮೊಟ್ಟೆ ಇಲ್ಲ, ಮಾಂಸ ಮೀನು ಇಲ್ಲ, ಬೇಳೆ ಕಾಳು ಇಲ್ಲ, ಅಂಗಡಿಯ ಬ್ರೆಡ್ಡೂ ಇಲ್ಲ. ಅನ್ನ, ಆಲೂಗಡ್ಡೆ ತೂಗಿ ಇಷ್ಟೇ ಇಷ್ಟು. ಹೊಟ್ಟೆ ತುಂಬಬೇಕಾದದ್ದು ಹಣ್ಣು ತರಕಾರಿ ಮತ್ತು ಪ್ರೋಟೀನು ತೆಗೆದ ವಿಶೇಷ ಹಿಟ್ಟಿನಿಂದ. ಮೈ ಬೆಳೆಯಬೇಕಾದದ್ದು ಆಸ್ಪತ್ರೆಯ ಪುಡಿಯಿಂದ. ಬೇಡದ ಆ ಒಂದು ಅಂಶ ಬಿಟ್ಟು ಬೇಕಾದ ಸತ್ವವೆಲ್ಲ ಇರುವ ಆ ಪುಡಿಯನ್ನು ನೀರಿಗೆ ಕಲಸಿದರೆ ಹಳೇ ಕಬ್ಬಿಣದ ಪೆಟ್ಟಿಗೆಯಲ್ಲಿ ಆಲೂಗಡ್ಡೆ ಕೊಳೆತ ವಾಸನೆ. ಮಗಳು ಅದನ್ನು ಮೂಗು ಹಿಡಿದು ದಿನಕ್ಕೆ ಮೂರು ಲೋಟ ಕುಡಿದಳು. ಕುಡಿದು ಶಾಲೆಯಲ್ಲಿ ಎಲ್ಲರಿಗಿಂತ ಮುಂದಿದ್ದಳು. ತಾಯಿ ಅದನ್ನೇ ತನ್ನ ಸಂಬಳ ಅಂದುಕೊಂಡಳು.

ಆದರೆ ಬೇಡ, ಮುಟ್ಟಬೇಡ, ಇಡು ಅಲ್ಲೇ, ಸಾಕು ಎಂಬ ಮಾತುಗಳನ್ನು ಹೊತ್ತಿಗೊಮ್ಮೆ ಕೇಳುತ್ತಾ ಬೆಳೆದ ಮಗು ಒಂದು ದಿನ ತಿರುಗಿ ಬೀಳದಿರುತ್ತದೆಯೇ? ತಾಯಿ ಶಾಲೆಯ ಚೀಲ ತಡಕುವಳು, ಜೇಬು ಮೂಸುವಳು. ಹದಿನೇಳರ ಹುಡುಗಿ ಒಂದು ಸಂಜೆ ಅಡುಗೆಮನೆಯ ನಡುವೆ ನಿಂತು, ಎದುರಿಗೇ, ಹುರಿದ ಕೋಳಿಯ ಒಂದಿಡೀ ಪೊಟ್ಟಣ ಬಿಚ್ಚಿ ತಿಂದು ಮುಗಿಸಿದಳು. ಕೈ ಒರೆಸಿಕೊಂಡು, "ನೋಡಮ್ಮ, ಸತ್ನಾ?" ಅಂದಳು. ಆ ಕಾಲದ ಡಾಕ್ಟರರೂ ಮೆದುಳು ಬೆಳೆದಾಗಿದೆ, ಇನ್ನು ಸ್ವಲ್ಪ ಸಡಿಲ ಬಿಡಬಹುದು ಎಂದುಬಿಟ್ಟರು. ಹುಡುಗಿ ಸ್ವಲ್ಪವಲ್ಲ, ಪೂರ್ತಿ ಬಿಟ್ಟಳು. ಆಸ್ಪತ್ರೆಯ ಕಡೆ ತಲೆ ಹಾಕುವುದನ್ನೂ ಬಿಟ್ಟಳು. ಅಲ್ಲಿಂದ ತಾಯಿ ಮಗಳ ನಡುವೆ ಜಗಳವೂ ಉಳಿಯಲಿಲ್ಲ, ಮಾತೂ ಉಳಿಯಲಿಲ್ಲ. ಇಷ್ಟು ವರ್ಷ ಊಟವನ್ನು ಬಿಟ್ಟು ಬೇರೇನನ್ನೂ ಮಾತಾಡಿ ಅಭ್ಯಾಸವಿರದ ಇಬ್ಬರು, ಊಟದ ಮಾತು ನಿಂತ ಮೇಲೆ ಏನು ಮಾತಾಡಿಯಾರು?

ಮಗಳು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವ ಕೆಲಸಕ್ಕೆ ಸೇರಿದಳು. ಲಿಫ್ಟು ರಿಪೇರಿ ಮಾಡುವ ಹುಡುಗನನ್ನು ಮದುವೆಯಾದಳು. ತಿಂಗಳಿಗೊಮ್ಮೆ ಫೋನು ಬರುತ್ತಿತ್ತು. "ಹೇಗಿದ್ದೀಯ?" "ಚೆನ್ನಾಗಿದ್ದೀನಿ." "ಅವರು?" "ಅವರೂ ಚೆನ್ನಾಗಿದ್ದಾರೆ." ತಲೆ ಭಾರ, ಸಣ್ಣದಕ್ಕೂ ಸಿಡುಕು, ಕೈಯಲ್ಲಿ ಹಿಡಿದ ಸ್ಕ್ರೂಡ್ರೈವರನ್ನೇ ಮನೆಯೆಲ್ಲ ಹುಡುಕುವ ಮರೆವು, ಇದೆಲ್ಲ ಅವಳಿಗಿತ್ತು. ತಾನೇ ಹೀಗೆ, ತನ್ನ ಸ್ವಭಾವವೇ ಇದು ಎಂದುಕೊಂಡು ಸುಮ್ಮನಿದ್ದಳು. ತಾಯಿಗೆ ಹೇಳುವ ಮಾತಂತೂ ದೂರ.

ಹಾಗಿರುವಾಗ ಒಂದು ಮಧ್ಯಾಹ್ನ ಮಗಳು ಲಾಂಡ್ರಿಯ ಹಿಂಬಾಗಿಲಲ್ಲಿ ಬಂದು ನಿಂತಳು. ಒಳಗೆ ಹಬೆ, ಸದ್ದು, ಬಿಸಿಬಟ್ಟೆಯ ವಾಸನೆ. ತಕ್ಕಡಿ ಕೈಯಲ್ಲಿದ್ದ ಹಾಸಿನ ತುದಿ ಬಿಡಲೂ ಇಲ್ಲ, ಮಡಚಲೂ ಇಲ್ಲ. ಆ ತುದಿ ಹಿಡಿದಿದ್ದ ರೇಡಿಯೋ, "ಹೋಗೇ, ನಾನು ಒಬ್ಬಳೇ ಹೇಗೋ ಮಡಚ್ಕೋತೀನಿ" ಎಂದು ಇಡೀ ಹಾಸನ್ನು ತನ್ನ ಮೈಮೇಲೆ ಎಳೆದುಕೊಂಡಳು.

ಹೊರಗೆ ಕೊಳೆಬಟ್ಟೆಯ ಗಾಡಿಗಳ ನಡುವೆ ನಿಂತು ಮಗಳು ನೆಲ ನೋಡುತ್ತಾ ಹೇಳಿದಳು.

"ಅಮ್ಮ, ನಂಗೆ ಮತ್ತೆ ಆ ಅಡುಗೆ ಮಾಡಿಕೊಡ್ತೀಯಾ?"

ತಕ್ಕಡಿಗೆ ಅರ್ಥವಾಗಲಿಲ್ಲ.

"ಬಸುರಿ ನಾನು. ಒಂದೂವರೆ ತಿಂಗಳು. ನಾವೇನೂ ಯೋಚನೆ ಮಾಡಿ ಆಗಿದ್ದಲ್ಲ. ಡಾಕ್ಟ್ರ ಹತ್ರ ಹೋದ್ರೆ, ಚಿಕ್ಕಂದಿನ ಕಾಯಿಲೆ ಏನಾದ್ರೂ ಇತ್ತಾ ಅಂತ ಕೇಳಿದ್ರು. ಹೇಳಿದೆ. ಅವರ ಮುಖ ಬಿಳಿಚಿಕೊಳ್ತು ಅಮ್ಮ." ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ದನಿ ಒಡೆಯಿತು. "ಮಗೂಗೆ ಈ ಕಾಯಿಲೆ ಬರೋ ಸಾಧ್ಯತೆ ತುಂಬ ಕಮ್ಮಿಯಂತೆ. ಆದ್ರೆ ನನ್ನ ರಕ್ತ ಇದೆಯಲ್ಲ, ಅದೇ ಮಗೂಗೆ ವಿಷ ಅಂತೆ. ತಲೆ ಬೆಳೆಯಲ್ಲ, ಹೃದಯ ಸರಿ ಆಗಲ್ಲ. ಹಿಂದಿನ ಹಾಗೇ ಊಟ ಶುರು ಮಾಡ್ಬೇಕು. ಹಿಂದಿಗಿಂತ ಬಿಗಿಯಾಗಿ. ಇವತ್ತಿಂದಲೇ."

ತಾಯಿಯ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಆಗ ಹೇಳಿದ್ದೆ, ಕೇಳಿದ್ಯಾ? ಮದುವೆಗೆ ಮುಂಚೆ ಒಂದು ಸಲ ಆಸ್ಪತ್ರೆಗೆ ಹೋಗಬಾರದಿತ್ತಾ? ಯಾವುದನ್ನೂ ಆಡಲಿಲ್ಲ. ಏಪ್ರನ್ ಬಿಚ್ಚಿ ಗಾಡಿಯ ಮೇಲೆ ಎಸೆದು, "ಪುಡಿ ಕೊಟ್ಟಿದ್ದಾರಾ?" ಎಂದು ಕೇಳಿದಳು.

"ಕೊಟ್ಟಿದ್ದಾರೆ. ಬೆಳಿಗ್ಗೆ ಒಂದು ಲೋಟ ಕುಡಿದೆ. ಬಸ್‌ಸ್ಟಾಪಲ್ಲಿ ವಾಂತಿ ಆಯ್ತು."

"ನಡಿ" ಅಂದಳು ತಾಯಿ.

ಅವತ್ತೇ ಅವಳು ಬಟ್ಟೆಬರೆ ಕಟ್ಟಿಕೊಂಡು ಮಗಳ ಮನೆಗೆ ಬಂದಳು. ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆ. ಲಿಫ್ಟು ರಿಪೇರಿಯವನ ಕಟ್ಟಡದಲ್ಲಿ ಲಿಫ್ಟೇ ಇರಲಿಲ್ಲ; ಅಳಿಯ ಅದನ್ನು ತಾನೇ ಹೇಳಿಕೊಂಡು ನಗುತ್ತಿದ್ದ. ಸಾಧು ಹುಡುಗ. ಅತ್ತೆ ಬಂದ ಮೊದಲ ದಿನವೇ ಅಡುಗೆಮನೆಯ ಕಪಾಟು ಖಾಲಿಯಾದದ್ದನ್ನೂ, ತನ್ನ ಮೊಟ್ಟೆ, ಚೀಸು, ಕಡಲೆಬೀಜದ ಡಬ್ಬಿಗಳು ಚೀಲಕ್ಕೆ ಸೇರಿ ಪಕ್ಕದ ಮನೆಗೆ ಹೋದದ್ದನ್ನೂ ಕೈಕಟ್ಟಿ ನೋಡುತ್ತಾ ನಿಂತ. "ನನಗೂ ಆ ಪುಡಿನೇನಾ ಅತ್ತೆ?" ಎಂದು ಮೆಲ್ಲಗೆ ಕೇಳಿದ. "ನೀವು ಹೊರಗೆ ತಿನ್ಕೊಂಡು ಬನ್ನಿ" ಎಂದಳು ಅತ್ತೆ. ಅವನು ಹಾಗೇ ಮಾಡಿದ. ಯಾವುದೋ ಆಫೀಸು ಕಟ್ಟಡದ ನೆತ್ತಿಯಲ್ಲಿ, ಲಿಫ್ಟಿನ ಮೋಟಾರು ಕೋಣೆಯಲ್ಲಿ, ಎಣ್ಣೆಯ ಡಬ್ಬಿಯ ಮೇಲೆ ಕೂತು ತನ್ನ ಊಟ ಮುಗಿಸಿ, ಬಾಯಿ ತೊಳೆದುಕೊಂಡು ಮನೆಗೆ ಬರುತ್ತಿದ್ದ. ಬಸುರಿ ಹೆಂಡತಿಗೆ ವಾಸನೆ ತಾಗಬಾರದಲ್ಲ.

ವಾರಕ್ಕೊಮ್ಮೆ ಬೆರಳು ಚುಚ್ಚಿ, ರಕ್ತದ ಬೊಟ್ಟನ್ನು ಕಾಗದಕ್ಕೆ ಒತ್ತಿ ಆಸ್ಪತ್ರೆಗೆ ತಲುಪಿಸಬೇಕು. ಅಲ್ಲಿ ಪಥ್ಯ ನೋಡಿಕೊಳ್ಳುವ ಡಯಟಿಷಿಯನ್, ಆ ಅಂಶ ರಕ್ತದಲ್ಲಿ ಎಷ್ಟಿದೆಯೆಂದು ಫೋನಿನಲ್ಲಿ ಅಂಕಿ ಹೇಳುವರು. ಮೊದಲ ಅಂಕಿ ಕೇಳಿ ತಕ್ಕಡಿ ಕೂತಲ್ಲೇ ತಲೆ ಹಿಡಿದುಕೊಂಡಿದ್ದಳು. ಮುಂದಿನ ವಾರ ಇಳಿಯಿತು. ಅದರ ಮುಂದಿನ ವಾರ ಇನ್ನೂ ಇಳಿದು, ಇರಬೇಕಾದ ಮಟ್ಟಕ್ಕೆ ಬಂದು ನಿಂತಿತು. ಹಳೆಯ ಕೈ ಏನನ್ನೂ ಮರೆತಿರಲಿಲ್ಲ: ವಿಶೇಷ ಹಿಟ್ಟಿಗೆ ಬಿಸಿನೀರು ಎಷ್ಟು ಹಾಕಿದರೆ ಬ್ರೆಡ್ಡು ಮರಳಿನಂತೆ ಉದುರುವುದಿಲ್ಲ, ಪುಡಿಯನ್ನು ಎಷ್ಟು ತಣ್ಣಗೆ ಮಾಡಿ ಮುಚ್ಚಳದ ಲೋಟದಲ್ಲಿ ಕೊಳವೆ ಹಾಕಿ ಕೊಟ್ಟರೆ ಮೂಗಿಗೆ ಗೊತ್ತಾಗುವುದಿಲ್ಲ, ಎಲ್ಲವೂ. ಲಾಂಡ್ರಿಯ ಮುಂಜಾವದ ಪಾಳಿ ಮುಗಿಸಿ ಬರುವಳು, ನಾಲ್ಕು ಮಹಡಿ ಹತ್ತುವಳು, ಏದುಸಿರು ಬಿಡುತ್ತಲೇ ತರಕಾರಿ ತೂಗುವಳು. ಮಗಳು ತನ್ನ ಮಾತು ಕೇಳುತ್ತಿದ್ದಾಳೆ ಎಂಬ ಖುಷಿಯೂ ಒಳಗೊಳಗೇ ಇತ್ತು, ಸುಳ್ಳು ಯಾಕೆ? ಹತ್ತು ವರ್ಷ ತಡವಾಗಿ ಗೆದ್ದ ಜಗಳ ಅದು.

ಮಗಳಲ್ಲೂ ಒಂದು ಬದಲಾವಣೆ ಕಂಡಿತು. ಒಂದು ಸಂಜೆ ಅಂಗಡಿಯಿಂದ ಬಂದವಳು, "ಅಮ್ಮ, ಯಾರೋ ನನ್ನ ತಲೆಯೊಳಗಿನ ಗಾಜು ಒರೆಸಿದ ಹಾಗಿದೆ" ಅಂದಳು. "ಇಷ್ಟು ವರ್ಷ ನಾನು ಮಂಜಿನ ಕನ್ನಡಕ ಹಾಕ್ಕೊಂಡಿದ್ನಾ ಅನ್ಸುತ್ತೆ. ಇವತ್ತು ಒಂದು ಸ್ಕ್ರೂನೂ ಕಳೀಲಿಲ್ಲ." ಅಡುಗೆಮನೆಯಲ್ಲಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿ ಹೆಚ್ಚುತ್ತಿದ್ದಳು, ಅದೊಂದು ಅನುಕೂಲ.

ಅಷ್ಟರಲ್ಲಿ ವಾಂತಿ ಜೋರಾಯಿತು. ಬಾಗಿಲ ಸಂದಿಯಿಂದ ನೆರೆಮನೆಯ ಒಗ್ಗರಣೆ ತೂರಿ ಬಂದರೂ ಸಾಕು, ಮಗಳು ಬಚ್ಚಲಿಗೆ ಓಡುವಳು. ಮೇಲಾಗಿ ಹೆದರಿಕೆ. ತಿಂದ ಪ್ರತಿ ತುತ್ತೂ ಮಗುವಿನ ತಲೆಗೆ ಹೋಗಿ ಬಡಿಯುತ್ತದೆ ಎಂಬಂತೆ ತಟ್ಟೆಯನ್ನು ದಿಟ್ಟಿಸುವಳು. ಅಳತೆಯ ಆಲೂಗಡ್ಡೆಯಲ್ಲೂ ಅರ್ಧ ಬಿಡುವಳು. "ಸಾಕಮ್ಮ, ಕಮ್ಮಿ ಇದ್ದಷ್ಟೂ ಒಳ್ಳೇದಲ್ವಾ?" ತಾಯಿಗೂ ಅದು ಸರಿಯೆನ್ನಿಸುತ್ತಿತ್ತು. ಬಾಯಿ ಕಟ್ಟುವುದೇ ಈ ಕಾಯಿಲೆಗೆ ಮದ್ದು ಎಂದಲ್ಲವೇ ಅವಳು ಒಂದು ಬಾಳನ್ನೇ ಸವೆಸಿದ್ದು? "ಬೇಡ ಅಂದ್ರೆ ಬಿಡು" ಎಂದು ತಟ್ಟೆ ಎತ್ತುವಳು.

ಆಗ ಬಂತು ಆ ಫೋನು. ಅಂಕಿ ಏರಿದೆ. ಸ್ವಲ್ಪವಲ್ಲ, ಎರಡರಷ್ಟಾಗಿದೆ. ನಾಳೆಯೇ ಆಸ್ಪತ್ರೆಗೆ ಬನ್ನಿ.

ಫೋನಿಟ್ಟು ತಕ್ಕಡಿ ಲೆಕ್ಕ ಹಾಕಿದಳು. ತನ್ನ ಅಡುಗೆಯಲ್ಲಿ ತಪ್ಪಿಲ್ಲ, ತೂಕದಲ್ಲಿ ತಪ್ಪಿಲ್ಲ. ಹಾಗಾದರೆ ಮಗಳು ಬೇರೆ ಏನೋ ತಿಂದಿದ್ದಾಳೆ. ಯಾರು ತಂದುಕೊಟ್ಟರು? ಅವಳು ಮೊದಲು ಫ್ರಿಜ್ಜು ತೆಗೆದಳು, ಆಮೇಲೆ ಬೀರು, ಆಮೇಲೆ ಬಾಗಿಲ ಹಿಂದೆ ನೇತುಹಾಕಿದ್ದ ಅಳಿಯನ ಕೆಲಸದ ಚೀಲ. ಪಾನಾ, ಇಕ್ಕಳ, ಎಣ್ಣೆಬಟ್ಟೆಗಳ ಅಡಿಯಲ್ಲಿ ಚೀಸು ಹಚ್ಚಿದ ಬ್ರೆಡ್ಡಿನ ಅರ್ಧ ತುಂಡು, ಕಾಗದದಲ್ಲಿ ಸುತ್ತಿದ್ದು, ಸಿಕ್ಕಿತು.

ಮಗಳು ಮಂಚದ ಮೇಲೆ ಗೋಡೆಗೆ ಒರಗಿದ್ದಳು. ತಾಯಿ ಆ ತುಂಡನ್ನು ಅವಳ ಮುಂದೆ ಹಿಡಿದಳು.

"ಏನು ತಿಂದೆ? ನಿಜ ಹೇಳು."

"ಏನೂ ತಿಂದಿಲ್ಲ."

"ಅಂಕಿ ಎರಡರಷ್ಟಾಗಿದೆಯಂತೆ. ಗಾಳಿ ಕುಡಿದು ಏರ್ತಾ ಅದು?"

ಮಗಳು ಆ ಬ್ರೆಡ್ಡನ್ನೂ ತಾಯಿಯ ಮುಖವನ್ನೂ ನೋಡಿದಳು. ಕೋಪ ಮಾಡಿಕೊಳ್ಳುವಷ್ಟು ಶಕ್ತಿಯೂ ಇರಲಿಲ್ಲ. "ಇಷ್ಟು ವರ್ಷ ನನ್ನ ಚೀಲ ಹುಡುಕಿದೆ. ಈಗ ಅವರ ಚೀಲಾನೂ ಶುರು ಮಾಡಿದ್ಯಾ?"

ಬಾಗಿಲಲ್ಲಿ ಅಳಿಯ ನಿಂತಿದ್ದ. "ಅತ್ತೆ, ಅದು ನಂದು. ಮಧ್ಯಾಹ್ನ ಪೂರ್ತಿ ತಿನ್ನೋಕೆ ಹೊತ್ತು ಸಿಗ್ಲಿಲ್ಲ. ಬಿಸಾಡೋಕೆ ಮನಸ್ಸು ಬರ್ಲಿಲ್ಲ." ಅವನ ಮುಖ, ಮೇಷ್ಟರ ಕೈಗೆ ಸಿಕ್ಕಿಬಿದ್ದ ಹುಡುಗನ ಮುಖದ ಹಾಗಿತ್ತು. ತಪ್ಪೇ ಮಾಡದೆ ಸಿಕ್ಕಿಬಿದ್ದವನು. ಆ ರಾತ್ರಿ ಮೂವರಲ್ಲಿ ಯಾರೂ ಊಟ ಮಾಡಲಿಲ್ಲ.

ಡಯಟಿಷಿಯನ್ ನಡುವಯಸ್ಸಿನ ಹೆಂಗಸು, ನಿಧಾನಕ್ಕೆ ಮಾತಾಡುವವರು. ಮಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅದರ ಮುಳ್ಳನ್ನೂ ಮಗಳ ಕೆನ್ನೆಯನ್ನೂ ನೋಡಿ, ಕುರ್ಚಿ ತೋರಿಸಿದರು.

"ನಿನ್ನೆ ಬೆಳಿಗ್ಗೆ ಏನು ತಗೊಂಡ್ರಿ?"

"ಅರ್ಧ ಸೇಬು."

"ಮಧ್ಯಾಹ್ನ?"

"ಪುಡಿ. ಅದರಲ್ಲಿ ಅರ್ಧ ವಾಂತಿ ಆಯ್ತು."

"ರಾತ್ರಿ?"

ಮಗಳು ತಾಯಿಯ ಕಡೆ ನೋಡಿದಳು. ತಾಯಿ ನೆಲ ನೋಡಿದಳು.

ಡಯಟಿಷಿಯನ್ ತಾಯಿಯ ಕಡೆ ತಿರುಗಿದರು. "ಅಮ್ಮಾ, ನಿಮ್ಮ ಮಗಳು ಕದ್ದು ತಿಂದಿಲ್ಲ. ತಿಂದೇ ಇಲ್ಲ. ಅದೇ ತೊಂದರೆ. ಹೊರಗಿಂದ ಊಟ ಬರದೇ ಹೋದ್ರೆ ದೇಹ ಕೈಕಟ್ಟಿ ಕೂರಲ್ಲ. ತನ್ನ ಮೈಯಲ್ಲಿರೋ ಮಾಂಸಖಂಡಾನೇ ಕರಗಿಸಿ ತಿನ್ನೋಕೆ ಶುರು ಮಾಡುತ್ತೆ. ಅದರಲ್ಲೂ ಇರೋದು ಪ್ರೋಟೀನೇ ಅಲ್ವಾ? ನೀವು ಮನೆಯಲ್ಲಿ ಮಾಂಸ ಇಟ್ಟಿಲ್ಲ, ಸರಿ. ಆದ್ರೆ ಇವರು ತಮ್ಮದೇ ಮಾಂಸ ತಿಂದ ಹಾಗಾಗಿದೆ."

"ಹಾಗಾದ್ರೆ ಏನು ಮಾಡ್ಬೇಕು ಮೇಡಂ?"

"ತಿನ್ನಿಸ್ಬೇಕು. ಅಳತೆ ಇರೋದು ಅಳತೆ ಪ್ರಕಾರ, ಒಂದು ಚೂರೂ ಬಿಡದ ಹಾಗೆ. ಅಳತೆ ಇಲ್ಲದ್ದು, ನಿಮ್ಮ ಹಿಟ್ಟಿನ ಬ್ರೆಡ್ಡು, ಎಣ್ಣೆ, ಸಕ್ಕರೆ, ಹಣ್ಣು, ಎಷ್ಟು ಹಿಡಿಸುತ್ತೋ ಅಷ್ಟು. ವಾಂತಿಗೆ ಡಾಕ್ಟ್ರು ಮಾತ್ರೆ ಬರೀತಾರೆ. ವಾಂತಿ ಆದ್ರೆ ಮತ್ತೆ ಕೊಡಿ. ಬೇಡ ಅಂದ್ರೂ ಕೊಡಿ. ಇವರ ಹೊಟ್ಟೆ ಖಾಲಿ ಬಿಡಬೇಡಿ."

ತಿನ್ನಿಸಬೇಕು. ಈ ಮಾತು ತಕ್ಕಡಿಯ ಕಿವಿಯಲ್ಲಿ ಗುಂಯ್‌ಗುಡುತ್ತಲೇ ಇತ್ತು. ಇಪ್ಪತ್ತೇಳು ವರ್ಷದಲ್ಲಿ ಯಾವ ಡಾಕ್ಟರೂ ಅವಳಿಗೆ ಆ ಮಾತು ಹೇಳಿರಲಿಲ್ಲ, ಅಥವಾ ಹೇಳಿದ್ದರೂ ಬೇಡ ಎಂಬ ದೊಡ್ಡ ದನಿಯ ಮಧ್ಯೆ ಅವಳಿಗೆ ಕೇಳಿಸಿರಲಿಲ್ಲ.

ಆಸ್ಪತ್ರೆಯ ಗೇಟಿನ ಹೊರಗೆ ಒಬ್ಬ ಗಾಡಿಯವನು ನಿಂಬೆಹಣ್ಣಿನ ಶರಬತ್ತು ಮಾರುತ್ತಿದ್ದ. ಮಗಳು ಬಸ್ಸಿನ ಕಡೆ ಹೊರಟಿದ್ದಳು. ತಾಯಿ ಅವಳ ಕೈ ಹಿಡಿದು ನಿಲ್ಲಿಸಿದಳು.

"ಒಂದು ಕೊಡಪ್ಪ. ದೊಡ್ಡ ಲೋಟ. ಸಕ್ಕರೆ ಜಾಸ್ತಿ ಹಾಕು."

ಗಾಡಿಯವನು ಎರಡು ಚಮಚ ಹಾಕಿದ.

"ಇನ್ನೊಂದು ಚಮಚ."

ಹಾಕಿದ.

"ಇನ್ನೊಂದು."

"ಅಮ್ಮ, ಇದು ಶರಬತ್ತೋ ಪಾಕವೋ?" ಎಂದ ಗಾಡಿಯವನು.

"ನಿನ್ನ ಸಕ್ಕರೆ ಖಾಲಿ ಆಗುತ್ತಾ? ಹಾಕಯ್ಯ!"

ಮಗಳು ತಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಅವಳಿಗೆ ನಗು ಬಂತು. ಬಿದ್ದು ಬಿದ್ದು ನಗುವ ನಗು, ಗೇಟಿನ ಕಂಬ ಹಿಡಿದುಕೊಳ್ಳಬೇಕಾಯಿತು. "ಅಮ್ಮ, ನೀನು... ಇನ್ನೊಂದು ಚಮಚ ಅಂದ್ಯಾ? ನೀನು?" ನಗುತ್ತಲೇ ಅತ್ತಳು. ತಾಯಿ ಲೋಟವನ್ನು ಅವಳ ಕೈಗೆ ಕೊಟ್ಟು, "ಕುಡಿಯೇ, ಸುಮ್ನೆ ಕುಡಿ" ಎಂದು ಗದರಿದಳು. ಲೋಟ ಮುಗಿಯುವವರೆಗೂ ಬೇರೆಡೆ ನೋಡಲಿಲ್ಲ. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಮನೆಗೆ ಹೋಗಿ ಅಳಿಯನಿಗೆ ಮಾತ್ರ, "ನಿಮ್ಮ ಚೀಲಕ್ಕೆ ಕೈ ಹಾಕಬಾರದಿತ್ತು ನಾನು" ಎಂದಳು. ಅವನು, "ಅಯ್ಯೋ ಬಿಡಿ ಅತ್ತೆ, ಅದರಲ್ಲಿ ಒಂದು ಪಾನಾ ಕಾಣ್ತಿರ್ಲಿಲ್ಲ, ನಿಮ್ಮಿಂದ ಸಿಕ್ತು" ಎಂದು ಹಾರಿಸಿಬಿಟ್ಟ.

ತಿನ್ನಿಸುವುದು ಅಷ್ಟು ಸುಲಭದ ವಿದ್ಯೆಯಲ್ಲ ಎಂದು ತಕ್ಕಡಿಗೆ ಗೊತ್ತಾದದ್ದು ಆಮೇಲೆ. ಬೇಡ ಎನ್ನಲು ಒಂದು ಮಾತು ಸಾಕು, ತಿನ್ನು ಎನ್ನಲು ನೂರು ಬೇಕು. ಪುಸಲಾಯಿಸಬೇಕು, ಕತೆ ಹೇಳಬೇಕು, ಮುನಿಸಿಕೊಳ್ಳಬೇಕು, ಸಣ್ಣ ತುಂಡು ಮಾಡಿ ಗಳಿಗೆಗೊಮ್ಮೆ ಬಾಯಿಗಿಡಬೇಕು. ಅವಳಿಗೆ ಇದ್ಯಾವುದೂ ಬಾರದು. ಮಡಚುವ ಹಾಸಿನ ಆ ತುದಿಯಿಂದ ರೇಡಿಯೋ ಪಾಠ ಹೇಳಿಕೊಟ್ಟಳು. ಐದು ಮಕ್ಕಳನ್ನು ಸಾಕಿದವಳು ಅವಳು.

"ತಟ್ಟೆ ತುಂಬ ಇಡಬೇಡ ಕಣೇ, ನೋಡಿದ್ರೇನೇ ಹೊಟ್ಟೆ ತೊಳಸುತ್ತೆ. ಸಣ್ಣ ಬಸಿಯಲ್ಲಿ ಇಡು. ತಿನ್ನು ಅಂತ ನಿಂತ್ಕೋಬೇಡ, ಪೊಲೀಸ್ನೋರ ಥರ. ನೀನೂ ಒಂದು ಚೂರು ಬಾಯಿಗೆ ಹಾಕ್ಕೊಂಡು ಪಕ್ಕದಲ್ಲಿ ಕೂತ್ಕೋ. ಏನಾದ್ರೂ ಹರಟೆ ಹೊಡಿ."

"ಏನು ಹರಟೆ ಹೊಡೀಲಿ?"

"ನನ್ನ ವಿಷಯ ಬೈಕೋ. ಅದು ಮುಗಿಯೋದೇ ಇಲ್ಲ."

ಹಾಗೇ ಮಾಡಿದಳು. ಬೆಣ್ಣೆ ಸವರಿ ಕಾಯಿಸಿದ ವಿಶೇಷ ಹಿಟ್ಟಿನ ಬ್ರೆಡ್ಡು, ಜೇನು, ಬೇಯಿಸಿದ ಸೇಬು, ಅಳತೆಯ ಅನ್ನದ ಒಂದೇ ಒಂದು ತುತ್ತು. ಪಕ್ಕದಲ್ಲಿ ಕೂತು ತಾನೂ ಅದೇ ಬ್ರೆಡ್ಡು ತಿನ್ನುವಳು. ಇಷ್ಟು ವರ್ಷ ತಾನು ಮಾಡಿಕೊಟ್ಟ ಬ್ರೆಡ್ಡನ್ನು ತಾನು ಒಂದು ದಿನವೂ ತಿಂದು ನೋಡಿರಲಿಲ್ಲ ಎಂದು ಆಗ ಹೊಳೆಯಿತು. ಅಗಿದಳು, ಅಗಿದಳು, ಅದು ಬಾಯಲ್ಲಿ ಅಂಟಿನಂತೆ ಕೂತಿತು. "ಇದನ್ನಾ ನೀನು ತಿಂತಿದ್ದಿದ್ದು?" ಎಂದು ಕೇಳಿದಳು. "ಹೂಂ" ಎಂದಳು ಮಗಳು. "ಮೊದಲೇ ಹೇಳಬಾರದಾ?" "ಹೇಳಿದ್ನಲ್ಲ ಅಮ್ಮ. ದಿನಾ." ತಾಯಿ ಎದ್ದು ಹೋಗಿ ಮುಂದಿನ ಹಿಟ್ಟಿಗೆ ಸೇಬಿನ ರಸ ಬೆರೆಸಿ ನೋಡಿದಳು. ಸ್ವಲ್ಪ ಪರವಾಗಿಲ್ಲ ಎನ್ನಿಸಿತು. ಹೀಗೆ ಊಟದ ಮಾತಿನಿಂದ ಹೊರಟು ಅವರು ಬೇರೆ ಮಾತಿಗೂ ಬಂದರು: ಸತ್ತ ಅಪ್ಪನ ತಮಾಷೆಗಳು, ಕನ್ನಡಕದ ಅಂಗಡಿಗೆ ಬಂದು ತಲೆಯ ಮೇಲಿದ್ದ ಕನ್ನಡಕವನ್ನೇ ಹುಡುಕಿದ ಮುದುಕ, ಲಾಂಡ್ರಿಯ ಹಾಸಿನಲ್ಲಿ ಸಿಕ್ಕಿದ ಕಟ್ಟುಹಲ್ಲು.

ಅಂಕಿ ಮತ್ತೆ ಇಳಿಯಿತು. ಇಳಿದಲ್ಲೇ ನಿಂತಿತು.

ಐದನೇ ತಿಂಗಳ ಸ್ಕ್ಯಾನಿನ ದಿನ ಮೂವರೂ ಹೋದರು. ಮಗುವಿನ ತಲೆಯ ಅಳತೆ ಸರಿಯಿದೆ ಎಂದರು. ಸರಿಯಿರುವ ಮಟ್ಟದಲ್ಲಿ ಕೆಳಗಡೆ, ಆದರೂ ಸರಿ. ಹೃದಯ ನೋಡಲು ತುಂಬ ಹೊತ್ತು ತೆಗೆದುಕೊಂಡರು. ಅಳಿಯ ಕಾರಿಡಾರಿನಲ್ಲಿ ಲಿಫ್ಟಿನ ಮುಂದೆ ನಿಂತು, ಅದರ ಬಾಗಿಲು ತೆರೆಯುವ ಸದ್ದು ಕೇಳುತ್ತಾ, "ಇದರ ಬೆಲ್ಟು ಸವೆದಿದೆ" ಎಂದು ಯಾರಿಗೂ ಅಲ್ಲದಂತೆ ಹೇಳುತ್ತಿದ್ದ. ಕೊನೆಗೆ ಡಾಕ್ಟರು ಬಂದು, ಹೃದಯದ ನಡುಗೋಡೆಯಲ್ಲಿ ಒಂದು ಸಣ್ಣ ತೂತು ಕಾಣುತ್ತಿದೆ, ಮೊದಲ ವಾರಗಳಿಂದ ಆದದ್ದೋ ಬೇರೆ ಕಾರಣವೋ ಹೇಳಲಾಗದು, ಇಷ್ಟು ಸಣ್ಣದು ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ, ಕಾದು ನೋಡೋಣ ಎಂದರು.

ಬಸ್ಸಿನಲ್ಲಿ ಮಗಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. "ನಾನೇ ಮಾಡಿದ್ದು ಅದನ್ನ" ಅಂದಳು.

ತಾಯಿಗೆ, ಮಗಳ ಹಿಮ್ಮಡಿಯ ರಕ್ತದ ಸುದ್ದಿ ಕೇಳಿದ ದಿನ ತಾನೂ ಹೀಗೇ ಕೂತಿದ್ದು, ಗಂಡ ಅಂದು ಆಡಿದ ಮಾತು ನೆನಪಾಯಿತು. ಆದರೆ ಇವತ್ತು ಆ ಮಾತನ್ನು ಆಡಬೇಕಾದವನು ಬೇರೆ. ಅವನು ಹಿಂದಿನ ಸೀಟಿನಿಂದ ಬಗ್ಗಿ, ಹೆಂಡತಿಯ ಭುಜದ ಮೇಲೆ ಎಣ್ಣೆಯ ಕಪ್ಪು ಹಿಡಿದ ಕೈಯಿಟ್ಟು, "ಗೊತ್ತಿದ್ದೂ ಮಾಡಿದ್ಯಾ? ಗೊತ್ತಾದ ಗಳಿಗೆಯಿಂದ ಆ ಕೊಳೆತ ನೀರು ಕುಡೀತಿದ್ದೀಯ. ಯಾರು ಕುಡೀತಾರೆ?" ಎಂದ. ತಕ್ಕಡಿ ಬಸ್ಸಿನ ಎದುರುಗಡೆಯ ಗಾಜನ್ನೇ ನೋಡುತ್ತಾ ಕೂತಳು. ಈ ಹುಡುಗನ ಚೀಲವನ್ನು ತಡಕಿದ ತನ್ನ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಆರನೇ ತಿಂಗಳ ನಂತರ ನಡೆದದ್ದನ್ನು ತಕ್ಕಡಿ ಇಂದಿಗೂ ರೇಡಿಯೋಗೆ ಹೇಳುವಾಗ ಕಣ್ಣರಳಿಸುತ್ತಾಳೆ. ಡಯಟಿಷಿಯನ್ ಫೋನು ಮಾಡಿ, "ಅಂಕಿ ತೀರಾ ಇಳಿದಿದೆ, ಆಲೂಗಡ್ಡೆ ಜಾಸ್ತಿ ಮಾಡಿ" ಎಂದರು. ಮಾಡಿದಳು. ಮುಂದಿನ ವಾರ, "ಇನ್ನೂ ಕಮ್ಮಿನೇ ಇದೆ, ಅನ್ನ ಜಾಸ್ತಿ ಮಾಡಿ, ಒಂದಿಷ್ಟು ಹಾಲೂ ಕೊಡಿ" ಎಂದರು. ತಕ್ಕಡಿಗೆ ಇದೇನೋ ಮೋಸ ಎನ್ನಿಸಿ, ರಕ್ತ ಬೇರೆಯವರದ್ದು ಅದಲುಬದಲಾಗಿದೆಯಾ ಎಂದು ಕೇಳಿಯೇಬಿಟ್ಟಳು. ಡಯಟಿಷಿಯನ್ ನಕ್ಕರು. "ಮಗು ಬೆಳೀತಿದೆ ಅಮ್ಮಾ. ಅದಕ್ಕೆ ಮೈ ಕಟ್ಟೋಕೆ ಅದೇ ಅಂಶ ಬೇಕು. ನಿಮ್ಮ ಮಗಳಿಗೆ ಅರಗದೇ ಇರೋದನ್ನ ಮೊಮ್ಮಗು ಎಳ್ಕೊಂಡು ಅರಗಿಸ್ಕೋತಿದೆ."

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನೋಡಮ್ಮ, ಇನ್ನೂ ಹುಟ್ಟಿಲ್ಲ, ಆಗಲೇ ನನ್ನ ಪರವಾಗಿ ಊಟ ಮಾಡ್ತಿದೆ" ಅಂದಳು. ಆ ಸಂಜೆ ತಾಯಿ ಹಾಲನ್ನು ಎರಡು ಸಲ ಅಳೆದು ಲೋಟ ಕೊಟ್ಟಳು. ಮಗಳು ತಣ್ಣನೆಯ ಹಾಲನ್ನು ಗುಟುಕು ಗುಟುಕಾಗಿ ಕುಡಿದಳು. ತಾನು ಬೇಕಾದದ್ದೆಲ್ಲ ತಿಂದು ಓಡಾಡಿದ ಹತ್ತು ವರ್ಷದಲ್ಲಿ ಹಾಲು ಇಷ್ಟು ರುಚಿಯಿರಲಿಲ್ಲ ಎಂದಳು. ತಾಯಿ ಎದುರಿಗೆ ಕೂತು, ಹೆತ್ತ ಮಗಳು ತನ್ನ ಕೈಯಿಂದ ಹಾಲು ಕುಡಿಯುವುದನ್ನು ಮೊದಲ ಸಲ ನೋಡಿದಳು.

ಮಗು ದಿನ ತುಂಬಿಯೇ ಹುಟ್ಟಿತು. ಗಂಡು. ದೊಡ್ಡ ದನಿ. ದಾದಿ ಟೇಪು ಹಿಡಿದು ತಲೆ ಅಳೆಯುವಾಗ ಅಜ್ಜಿ ಉಸಿರು ಬಿಗಿಹಿಡಿದು ನಿಂತಿದ್ದಳು. "ಚೆನ್ನಾಗಿದೆ" ಎಂದಳು ದಾದಿ. ಹಿಮ್ಮಡಿ ಚುಚ್ಚಿದರು; ಕೆಲವು ದಿನ ಬಿಟ್ಟು, ಮಗುವಿಗೆ ಕಾಯಿಲೆಯಿಲ್ಲ, ತಾಯಿಯ ಪಾಲು ಒಂದು ಮಾತ್ರ ಬಂದಿದೆ, ಅದರಿಂದ ಅವನಿಗೇನೂ ಆಗದು ಎಂದರು. ಹೃದಯದ ತೂತು ಇತ್ತು. ಒಂದು ವರ್ಷ ತುಂಬುವಷ್ಟರಲ್ಲಿ ಅದು ತಾನಾಗಿಯೇ ಮುಚ್ಚಿಕೊಂಡಿತು. ಮೊದಲ ವಾರಗಳು ಬೇರೇನಾದರೂ ಗುರುತು ಬಿಟ್ಟಿವೆಯೋ ಎಂದು ಆಗಾಗ ಕರೆದು ನೋಡುತ್ತಾರೆ. ಸ್ವಲ್ಪ ತಡವಾಗಿ ನಡೆದ, ಸ್ವಲ್ಪ ಬೇಗ ಮಾತಾಡಿದ. ನೋಡೋಣ, ಎನ್ನುತ್ತಾರೆ ಡಾಕ್ಟರು. ನೋಡೋಣ ಎಂಬ ಮಾತಿನೊಂದಿಗೆ ಬದುಕುವುದನ್ನು ಆ ಮನೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಹೆರಿಗೆಯಾದ ಮೇಲೆ ಮಗಳು ಪಥ್ಯ ಬಿಡಲಿಲ್ಲ. ಯಾರೂ ಬಿಡಬೇಡ ಎಂದೂ ಹೇಳಿರಲಿಲ್ಲ. ತಲೆ ತಿಳಿಯಾಗಿರುವುದು ಅವಳಿಗೆ ರುಚಿ ಹತ್ತಿತ್ತು. ತನ್ನ ಲೋಟ ತಾನೇ ಕಲಸಿಕೊಂಡು, ತನ್ನ ತಟ್ಟೆ ತಾನೇ ತೂಗಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಅಳಿಯನ ಮೊಟ್ಟೆ ಚೀಸುಗಳು ಕಪಾಟಿನ ಮೇಲಿನ ಅರೆಗೆ ವಾಪಸ್ಸು ಬಂದವು.

ಪಾಳಿ ಮುಗಿದ ಮೇಲೆ ಮೊಮ್ಮಗನನ್ನು ನೋಡಿಕೊಳ್ಳುವವಳು ತಕ್ಕಡಿಯೇ. ಈ ಹುಡುಗನಿಗೆ ಏನು ಬೇಕಾದರೂ ಕೊಡಬಹುದು. ಅಳತೆಯಿಲ್ಲ, ತೂಕವಿಲ್ಲ, ಭಯವಿಲ್ಲ. ಆದರೆ ಮಹಾರಾಯನಿಗೆ ಏನೂ ಬೇಡ. ಬಾಯಿಯನ್ನು ಬೀಗ ಹಾಕಿದ ಬಾಗಿಲಿನಂತೆ ಮುಚ್ಚಿಕೊಂಡು ಮೇಜಿನ ಅಡಿಗೆ ನುಸುಳುತ್ತಾನೆ. ಅಜ್ಜಿ ಬಟ್ಟಲು ಹಿಡಿದು ಮಂಡಿಯೂರಿ ಅಡಿಗೆ ಬಗ್ಗುತ್ತಾಳೆ. ಅವನು ಆ ಕಡೆಯಿಂದ ಹೊರಗೆ. "ಒಂದೇ ಒಂದು ತುತ್ತು ಕಣೋ ರಾಜ, ಅಜ್ಜಿಗೋಸ್ಕರ" ಎಂದು ಅವಳು ಎರಡು ಕೋಣೆಯ ಮನೆಯಲ್ಲಿ ಅವನ ಹಿಂದೆ ಸುತ್ತುತ್ತಾಳೆ. ಸಂಜೆ ಮನೆಗೆ ಬಂದ ಮಗಳು ಚಪ್ಪಲಿ ಬಿಡುತ್ತಾ ಅದನ್ನು ನೋಡಿ, "ಬೇಡ ಅಂದ್ರೆ ಬಿಡಮ್ಮ, ಹಸಿವಾದ್ರೆ ತಾನೇ ತಿಂತಾನೆ" ಎನ್ನುತ್ತಾಳೆ.

"ನೀನು ಸುಮ್ನಿರೇ" ಎನ್ನುತ್ತಾಳೆ ತಾಯಿ, ಸೋಫಾದ ಹಿಂದಿನಿಂದ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಇವನು."